ಬೆನ್ನು ತಿರುಗಿಸಿದ ಕರಿ ಪಿನ್ನು

ರೊವೆನಾ ದುಮ್ಲಾವ್ ಹದಿನಾಲ್ಕು ವರ್ಷದಿಂದ ಯಾರಿಗೂ ಇಲ್ಲ ಅಂದವಳಲ್ಲ. ಇದನ್ನು ಅವಳ ದೊಡ್ಡ ಗುಣ ಅಂತ ಯಾರೂ ಕೊಂಡಾಡಬೇಕಾಗಿಲ್ಲ. ಅವಳ ಕೆಲಸವೇ ಅದು. ನೀರುನಾಯಿಯ ವೇಷದವನು ಬಾಗಿಲಲ್ಲಿ ನಿಂತು ಕೈಬೀಸುವ ಪಾರ್ಕಿನಲ್ಲಿ, ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಸಿಗುವ ಅಂಗಡಿಯಲ್ಲಿ, ಟೋಪಿಗಳ ಸಾಲಿಗೂ ಕಾಫಿ ಲೋಟಗಳ ಸಾಲಿಗೂ ನಡುವೆ ಅವಳು ನಿಲ್ಲುತ್ತಾಳೆ. ಕೊರಳಲ್ಲಿ ಎರಡು ಬೆರಳಗಲದ ಹಸಿರು ಪಟ್ಟಿ. ಪಟ್ಟಿಯ ಉದ್ದಕ್ಕೂ ಪಿನ್ನುಗಳು: ಛತ್ರಿ ಹಿಡಿದ ನೀರುನಾಯಿ, ದೋಣಿ, ಐಸ್‌ಕ್ರೀಂ, ಹಳೆಯ ರೈಲು.

ನಿಯಮ ಸರಳ. ಬಂದವರು ಪಾರ್ಕಿನದೇ ಒಂದು ಪಿನ್ನನ್ನು ಮುಂದೆ ಹಿಡಿದು, ಪಟ್ಟಿಯ ಮೇಲಿನ ಯಾವುದನ್ನಾದರೂ ತೋರಿಸಿ ಅದು ಬೇಕು ಅಂದರೆ ಕೊಡಲೇಬೇಕು. ಅವರದು ಬಣ್ಣ ಹೋದ ಸವಕಲು ಪಿನ್ನಿರಲಿ, ಇವಳದು ಆ ಬೆಳಿಗ್ಗೆಯಷ್ಟೇ ಡಬ್ಬಿಯಿಂದ ತೆಗೆದದ್ದಿರಲಿ, ಕೊಡಬೇಕು. ಪಾರ್ಕಿಗೆ ಬಂದವರು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುವಾಗ ಒಲ್ಲೆ ಅನ್ನಬಹುದು, ಮುನಿಸಿಕೊಳ್ಳಬಹುದು, ಎದ್ದು ಹೋಗಬಹುದು. ಪಟ್ಟಿ ಕಟ್ಟಿಕೊಂಡ ಕೆಲಸದವರಿಗೆ ಅದಿಲ್ಲ. ಕೊಡುವಾಗ ಆಡಬೇಕಾದ ಮಾತನ್ನೂ ಮೊದಲ ವಾರವೇ ಕಲಿಸಿಬಿಡುತ್ತಾರೆ. "ಖಂಡಿತ, ಧಾರಾಳವಾಗಿ" ಅನ್ನಬೇಕು, ಮುಖದಲ್ಲಿ ನಗುವಿರಬೇಕು.

ಇನ್ನೊಂದು ರೂಢಿಯಿದೆ. ಪ್ರತಿಯೊಂದು ಪಟ್ಟಿಯಲ್ಲೂ ಒಂದು ಪಿನ್ನನ್ನು ಬೆನ್ನು ತಿರುಗಿಸಿ ಚುಚ್ಚಿರುತ್ತಾರೆ. ಅದರ ಮುಖ ಕೆಲಸದವರ ಎದೆಯ ಕಡೆಗೆ. ಹೊರಗಿನವರಿಗೆ ಕಾಣುವುದು ರಬ್ಬರಿನ ಬಿರಡೆ ಮಾತ್ರ. ಏನಿದೆಯೆಂದು ನೋಡದೆ ಕೇಳಬೇಕು, ಬಂದದ್ದನ್ನು ಒಪ್ಪಿಕೊಳ್ಳಬೇಕು. ಪಿನ್ನಿನ ಹುಚ್ಚಿನವರಿಗೆ ಮುಖ ತೋರಿಸುವ ಮೂವತ್ತು ಪಿನ್ನುಗಳಿಗಿಂತ ಈ ಒಂದು ಬಿರಡೆಯ ಮೇಲೇ ಕಣ್ಣು. ಇದಕ್ಕೆ ಏನು ಹೇಳೋಣ, ಮನುಷ್ಯರು ಹಾಗೇ.

ಹಾಗೆ ಕಣ್ಣಿಡುವವರಲ್ಲಿ ಮೊದಲನೆಯವಳು ಬರ್ನೀಸ್ ಟಕೆಟ್. ಎಪ್ಪತ್ತರ ಮೇಲೆ ವಯಸ್ಸು, ಫಾಂಟಾನಾದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಪ್ರತಿ ಗುರುವಾರ ಗಾಲಿಯ ಚೀಲ ಎಳೆದುಕೊಂಡು ಬಂದು, ಅಂಗಡಿಯ ಎದುರಿನ ಬೆಂಚು ಹಿಡಿದು, ದಪ್ಪನೆಯ ಎರಡು ಕಡತಗಳನ್ನು ಬಿಚ್ಚಿಟ್ಟಳೆಂದರೆ ಸಂಜೆಯವರೆಗೆ ಅಲ್ಲಾಡುವುದಿಲ್ಲ. ಪಾರ್ಕಿನ ಒಂದು ರಾಟೆಯನ್ನೂ ಅವಳು ಹತ್ತಿದ್ದನ್ನು ಕಂಡವರಿಲ್ಲ. ಕಡತದ ಪುಟಗಳು ಬಟ್ಟೆಯವು, ಬಟ್ಟೆಯ ತುಂಬ ಪಿನ್ನುಗಳು. ಭೂತಗನ್ನಡಿ ಹಿಡಿದು ಪಿನ್ನಿನ ಬೆನ್ನು ನೋಡಿ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವುದರಲ್ಲಿ ಅವಳ ಮಾತೇ ಕೊನೆ. ಅವಳ ಕಡತ ಸೇರಿದ್ದು ಸುಲಭಕ್ಕೆ ಈಚೆ ಬಂದ ಉದಾಹರಣೆಯಿಲ್ಲ.

ಹೋದ ಮಾರ್ಚ್‌ನಲ್ಲಿ ರೊವೆನಾಳ ಗಂಡ ಆಂಬ್ರೋ ತೀರಿಕೊಂಡ. ವೆಸ್ಟ್ ಕೊವೀನಾದ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಅವನಿಗೆ. ಈರುಳ್ಳಿ ಹೆಚ್ಚುತ್ತಿದ್ದವನು ಹಲಗೆಯ ಮೇಲೆಯೇ ಒರಗಿದನಂತೆ. ಮೂರು ದಿನ ಆಸ್ಪತ್ರೆಯಲ್ಲಿ ಯಂತ್ರ ಅವನ ಪರವಾಗಿ ಉಸಿರಾಡಿತು. ನಾಲ್ಕನೆಯ ದಿನ ಯಾರೂ ಉಸಿರಾಡಲಿಲ್ಲ. ರೊವೆನಾ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಳು, ಒಂಬತ್ತು ದಿನದ ಪ್ರಾರ್ಥನೆಗೆ ಶಾವಿಗೆ ಕಲಸಿದಳು, ತಟ್ಟೆ ತೊಳೆದಳು. ಎಂಥ ಗಟ್ಟಿಗಿತ್ತಿ ಅಂದರು ಜನ. ಗಟ್ಟಿಯೂ ಇಲ್ಲ, ಏನೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಇಡೀ ಮೈ ಹಾಗಾಗಿತ್ತು ಅವಳಿಗೆ, ಅಷ್ಟೆ.

ರೊವೆನಾಳ ನಾಡಿನವರಲ್ಲಿ ಸಾವಾದ ಮನೆಯವರು ಒಂದು ವರ್ಷ ಕಪ್ಪು ತೊಡಬೇಕು. ಈಗ ಯಾರು ವರ್ಷವಿಡೀ ಕರಿ ಬಟ್ಟೆ ಉಡುತ್ತಾರೆ? ಎದೆಗೊಂದು ಕರಿ ಪಿನ್ನು ಚುಚ್ಚಿಕೊಳ್ಳುತ್ತಾರೆ. ವರ್ಷ ತುಂಬಿದ ದಿನ ಪ್ರಾರ್ಥನೆ ಮಾಡಿ, ಮನೆಯ ಹಿರಿಯರು ಅದನ್ನು ತಮ್ಮ ಕೈಯಿಂದ ಬಿಚ್ಚಿದರೆ ಅಲ್ಲಿಗೆ ಸೂತಕ ಮುಗಿದ ಹಾಗೆ. ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಆದರೆ ರೊವೆನಾಳ ಅಣ್ಣ ಸಮುದ್ರದಾಚೆಯ ಹುಟ್ಟೂರು ಮೆಯ್ಕವಾಯನ್‌ನಲ್ಲಿ ಅಕ್ಕಸಾಲಿ. ತಂಗಿಗೆ ಪ್ಲಾಸ್ಟಿಕ್ಕಿನದು ಯಾಕೆ ಅಂತ ಬೆಳ್ಳಿಯ ಪುಟ್ಟ ಬಿಲ್ಲೆಗೆ ಕಪ್ಪು ಮೀನಾಕಾರಿ ಬಳಿದು, ನಿಮ್ಮ ಪಾರ್ಕಿನ ಪಿನ್ನಿಗೆ ಹಿಂದೆ ಎಂಥ ಮುಳ್ಳಿರುತ್ತೆ ಅಂತ ಫೋನಿನಲ್ಲಿ ಕೇಳಿ, ಅಂಥದೇ ಮುಳ್ಳು ಕೂರಿಸಿ, ಬರುವವರ ಕೈಯಲ್ಲಿ ಕಳಿಸಿದ. ಕಿರುಬೆರಳಿನ ಉಗುರಿನಷ್ಟು. ಅದರ ಮೇಲೆ ಅಕ್ಷರವಿಲ್ಲ, ಚಿತ್ರವಿಲ್ಲ.

ರಜೆ ಮುಗಿಸಿ ಕೆಲಸಕ್ಕೆ ಹೋದ ದಿನವೇ ಅಂಗಡಿಯ ಮೇಲ್ವಿಚಾರಕಿ ಜೊಲೀನ್ ಅವಳನ್ನು ಪಕ್ಕಕ್ಕೆ ಕರೆದಳು. ಕೆಟ್ಟವಳಲ್ಲ ಜೊಲೀನ್, ರೊವೆನಾಳ ಅರ್ಧ ವಯಸ್ಸು, ಮಾತಾಡುವಾಗ ಅವಳಿಗೇ ಸಂಕಟವಾಗುತ್ತಿತ್ತು. ಸಮವಸ್ತ್ರದ ಮೇಲೆ ಹೆಸರಿನ ಬಿಲ್ಲೆ ಬಿಟ್ಟು ಬೇರೇನೂ ಇರಕೂಡದು. ದೂರದೂರದಿಂದ ಜನ ಸಂತೋಷಪಡೋಕೆ ಬರುತ್ತಾರೆ, ಅದೇನು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಅಂದಳು. ಅದೂ ನಿಜವೇ. ಆ ಪಾರ್ಕಿನಲ್ಲಿ ಯಾರೂ ಸಾಯುವ ಹಾಗಿಲ್ಲ. ರೊವೆನಾ ಸರಿ ಅಂದು ಪಿನ್ನನ್ನು ಶರ್ಟಿನ ಒಳಗಡೆಗೆ ಚುಚ್ಚಿಕೊಂಡಳು. ಸಂಜೆ ಮನೆಗೆ ಹೊರಡುವ ಮುಂಚೆ ತೆಗೆದು ಕೋಟಿನ ಮೇಲೆ ಹಾಕಿಕೊಳ್ಳುವಳು, ಅತ್ತೆಯ ಕಣ್ಣಿಗೆ ಬೀಳಲಿ ಅಂತ.

ಜನವರಿಯಲ್ಲಿ ಹೊಸ ಶರ್ಟು ಕೊಟ್ಟರು. ತೆಳ್ಳಗಿನ ಬಟ್ಟೆ, ಒಳಗೆ ಚುಚ್ಚಿದ್ದು ಹೊರಗೆ ಗುಬುಟು ಗುಬುಟಾಗಿ ಕಾಣುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಲಾಕರಿನ ಮುಂದೆ ನಿಂತು ರೊವೆನಾ ಕರಿ ಪಿನ್ನನ್ನು ಹಸಿರು ಪಟ್ಟಿಯ ತುದಿಗೆ ಚುಚ್ಚಿದಳು. ಯಾರಿಗೂ ಕಾಣದಿರಲಿ ಅಂತ ಮುಖವನ್ನು ತನ್ನ ಎದೆಯ ಕಡೆಗೆ ತಿರುಗಿಸಿದಳು. ಹದಿನಾಲ್ಕು ವರ್ಷ ಬೆನ್ನು ತಿರುಗಿಸಿದ ಪಿನ್ನನ್ನು ಕೇಳಿದವರಿಗೆಲ್ಲ ಕೊಟ್ಟವಳಿಗೆ, ಹಾಗೆ ಚುಚ್ಚುವುದೆಂದರೆ ಬನ್ನಿ ಕೇಳಿ ಅಂತ ಕರೆದ ಹಾಗೆ ಅನ್ನುವುದು ಹೊಳೆಯಲಿಲ್ಲ. ಮಂಕು ಕವಿದ ತಲೆ, ಬೈದು ಪ್ರಯೋಜನವಿಲ್ಲ.

ಹತ್ತೂವರೆಗೆ ಬರ್ನೀಸ್ ಒಳಗೆ ಬಂದಳು. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ಟೀ ಕುಡಿಕೆಯ ಪಿನ್ನನ್ನು, ಅವಳ ಹತ್ತಿರ ಅಂಥವು ಆರೋ ಏಳೋ ಇದ್ದಿರಬೇಕು, ಅಂಗೈಯಲ್ಲಿ ಹಿಡಿದು ಹೇಳಿದಳು:

"ಕೆಳಗೆ ಬೆನ್ನು ತೋರಿಸ್ಕೊಂಡು ಕೂತಿದೆಯಲ್ಲ, ಅದನ್ನ ಕೊಡಮ್ಮ. ಇವತ್ತಾದ್ರೂ ಐಸ್‌ಕ್ರೀಂ ಬರದೇ ಇರಲಿ."

"ಖಂಡಿತ, ಧಾರಾಳವಾಗಿ," ಅಂದಳು ರೊವೆನಾ.

ಬಿರಡೆ ಎಳೆದದ್ದು, ಪಿನ್ನು ತೆಗೆದದ್ದು, ಮತ್ತೆ ಬಿರಡೆ ಸಿಕ್ಕಿಸಿ ಎರಡು ಬೆರಳಲ್ಲಿ ಕೊಟ್ಟದ್ದು, ಎಲ್ಲ ಕೈಯ ಪಾಡಿಗೆ ಕೈ ಮಾಡಿತು. ಬರ್ನೀಸ್ ಅದನ್ನು ತಿರುಗಿಸಿ ನೋಡಿ ಹುಬ್ಬೇರಿಸಿದಳು, ಮುಷ್ಟಿಯಲ್ಲಿ ಮುಚ್ಚಿಕೊಂಡು ಬೆಂಚಿಗೆ ಹೋದಳು. ರೊವೆನಾ ಟೀ ಕುಡಿಕೆಯನ್ನು ಪಟ್ಟಿಗೆ ಚುಚ್ಚಿ, ಲೋಟಕ್ಕೆ ಬೆಲೆಯೆಷ್ಟು ಅಂತ ಕೇಳಿದವರಿಗೆ ಬೆಲೆ ಹೇಳಿದಳು. ಸಂಜೆ ಕೋಟಿಗೆ ಹಾಕಿಕೊಳ್ಳಲು ಬೆರಳು ಪಟ್ಟಿಯ ತುದಿಗೆ ಹೋದಾಗಲೇ ತಾನು ಏನು ಕೊಟ್ಟೆ ಅನ್ನುವುದು ಅವಳಿಗೆ ತಿಳಿದದ್ದು. ಆಗಲೂ ಎದೆ ಧಸಕ್ಕೆನ್ನಲಿಲ್ಲ. ಓಹೋ, ಹೋಯಿತು ಅಂದುಕೊಂಡಳು, ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕೂತಾಗ ಆಸ್ಪತ್ರೆಯ ಮೊಗಸಾಲೆ ನೆನಪಿಗೆ ಬಂತು. ಮೂರನೆಯ ದಿನ ಸಂಜೆ ಒಬ್ಬ ಡಾಕ್ಟರು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೆತ್ತಗಿನ ದನಿ. ಇನ್ನು ಮಾಡುವುದೇನೂ ಉಳಿದಿಲ್ಲ, ನೀವು ಒಪ್ಪಿದರೆ ಯಂತ್ರ ತೆಗೆಯಬಹುದಾ ಅಂತ ಕೇಳಿದ್ದರು. ಆಗ ರೊವೆನಾ ಅಂದಿದ್ದಳು: ಖಂಡಿತ, ಧಾರಾಳವಾಗಿ. ಮುಖದಲ್ಲಿ ನಗುವೂ ಇತ್ತು. ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿ, ಆಮೇಲೆ ಸಹಿಯ ಕಾಗದ ತೆಗೆದಿದ್ದರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಗಂಡನ ಉಸಿರನ್ನು ಕೇಳಿದರು, ಐಸ್‌ಕ್ರೀಂ ಪಿನ್ನು ಕೊಟ್ಟ ಹಾಗೆ ಕೊಟ್ಟೆ ಅಂತಲೇ?

ಮನೆಯಲ್ಲಿ ಇರುವುದು ಅತ್ತೆ ಕಾರಿಂಗ್ ಮತ್ತು ಅವಳು, ಇಬ್ಬರೇ. ಅತ್ತೆಗೆ ಎಂಬತ್ತನಾಲ್ಕು. ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು. ಬಾಗಿಲು ತೆಗೆದವಳೇ ಕೋಟಿನ ಎದೆ ನೋಡಿ ಪಿನ್ನೆಲ್ಲಿ ಅಂತ ಕೇಳಿದಳು. ಲಾಕರಿನಲ್ಲಿ ಮರೆತೆ ಅಂದಳು ರೊವೆನಾ. ಮಾರನೆಯ ದಿನವೂ ಅದನ್ನೇ ಅಂದಳು. ಮೂರನೆಯ ದಿನ ಅತ್ತೆ ಕೇಳುವುದನ್ನು ಬಿಟ್ಟಳು, ಊಟ ಬಡಿಸುವಾಗ ಅನ್ನದ ಕೈಯನ್ನು ಸ್ವಲ್ಪ ಜೋರಾಗಿ ಕುಟ್ಟತೊಡಗಿದಳು. ಅತ್ತೆಯ ಎದೆಯ ಮೇಲೆ ಅವಳದೇ ಕರಿ ಪಿನ್ನು, ಪ್ಲಾಸ್ಟಿಕ್ಕಿನದು, ಹತ್ತು ತಿಂಗಳಿಂದ ಒಂದು ದಿನ ತಪ್ಪದೆ ನೆಟ್ಟಗೆ ಕೂತಿತ್ತು.

ಇತ್ತ ಬೆಂಚಿನ ಸುತ್ತ ಸೇರಿ ಪಿನ್ನು ಬದಲಾಯಿಸಿಕೊಳ್ಳುವವರಲ್ಲಿ ದೊಡ್ಡ ಗುಲ್ಲೆದ್ದಿತ್ತು. ಬರ್ನೀಸ್ ಕರಿ ಪಿನ್ನಿನ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿದ್ದಳು. ಪಾರ್ಕಿನ ಮುದ್ರೆ ಇಲ್ಲ. ನಕಲಿಯಾಗಿದ್ದರೆ ಮುದ್ರೆ ಇರುತ್ತಿತ್ತು, ಸೊಟ್ಟಗಾದರೂ ಇರುತ್ತಿತ್ತು. ನಕಲಿ ಮಾಡುವವನು ಮೊದಲು ಕದಿಯುವುದೇ ಮುದ್ರೆಯನ್ನು. ಬೆನ್ನು ನುಣ್ಣಗಿರುವುದೆಂದರೆ ಒಂದೇ ಅರ್ಥ, ಇದು ಮುದ್ರೆ ಒತ್ತುವುದಕ್ಕೂ ಮುಂಚೆ ತೆಗೆದ ಮಾದರಿ, ಪಾರ್ಕಿನ ದೊಡ್ಡವರ ಮೇಜಿನ ಮೇಲಿಂದ ಹೇಗೋ ಜಾರಿ ಬಂದದ್ದು. ನಲವತ್ತು ವರ್ಷದ ಅನುಭವ ಅವಳ ಕೈಯಲ್ಲಿ ಇಂಥ ತಪ್ಪು ಮಾಡಿಸಿತು. ಏನೂ ಗೊತ್ತಿಲ್ಲದವರು ಅದನ್ನು ನೋಡಿ ಕರಿ ಗುಂಡಿ ಅಂತ ಸರಿಯಾಗಿ ಹೇಳಿಬಿಡುತ್ತಿದ್ದರು. ಮುಂದಿನ ಗುರುವಾರ ಅದು ಅವಳ ಟೋಪಿಯ ಹಣೆಯ ಮೇಲೆ ಏರಿತ್ತು. ಒಬ್ಬ ಅದಕ್ಕೆ ಹನ್ನೆರಡು ಪಿನ್ನು ಕೊಡುತ್ತೇನೆಂದ. ಬರ್ನೀಸ್ ಅವನ ಹನ್ನೆರಡನ್ನೂ ಒಂದೊಂದಾಗಿ ನೋಡಿ, ಚೆನ್ನಾಗಿವೆ, ನೀನೇ ಇಟ್ಟುಕೋ ಅಂದಳು.

ರೊವೆನಾ ಅಂಗಡಿಯ ಗಾಜಿನ ಹಿಂದೆ ನಿಂತು ಆ ಟೋಪಿಯನ್ನು ನೋಡುತ್ತಿದ್ದಳು. ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಪಟ್ಟಿ ಕಟ್ಟಿಕೊಂಡವರು ಬಂದವರ ಪಿನ್ನನ್ನು ಕೇಳಿ ಪಡೆಯುವುದು ನಿಯಮಕ್ಕೆ ಹೊರಗು. ಅಲ್ಲದೆ ತನಗೆ ಅದು ಬೇಕೋ ಬೇಡವೋ ಅನ್ನುವುದೂ ಅವಳಿಗೆ ನಿಜವಾಗಿ ಗೊತ್ತಾಗುತ್ತಿರಲಿಲ್ಲ. ಬೇಕು ಅನ್ನುವುದು ಹೇಗಿರುತ್ತದೆ ಅನ್ನುವುದೇ ಮರೆತಂತಿತ್ತು.

ಆ ಭಾನುವಾರ ಚರ್ಚಿನಿಂದ ಬಂದು ಅಕ್ಕಿ ಆರಿಸುತ್ತಾ ಕೂತಾಗ ಅತ್ತೆ ತಲೆಯೆತ್ತದೆ ಹೇಳಿದಳು:

"ಕಳ್ಕೊಂಡಿದ್ದೀಯ ಅಂತ ನಂಗೆ ಗೊತ್ತು. ಬೈಯಲ್ಲ. ಆದ್ರೆ ಮಾರ್ಚ್ ಒಂಬತ್ತಕ್ಕೆ ನನ್ನ ಮಗನ ವರ್ಷ ತುಂಬುತ್ತೆ. ಅವತ್ತು ನಿನ್ನ ಎದೆಯಿಂದ ನಾನು ಏನನ್ನ ಬಿಚ್ಚಲಿ, ಹೇಳು."

"ಇನ್ನೊಂದು ಕೊಂಡುಕೊಳ್ತೀನಿ, ಅಮ್ಮ."

"ಹೊಸದನ್ನ ಬಿಚ್ಚಿದ್ರೆ ಹಳೇದು ಬಿಚ್ಚಿದ ಹಾಗಾಗುತ್ತಾ? ಹತ್ತು ತಿಂಗಳು ಅವನನ್ನ ಹೊತ್ತಿದ್ದು ಅದು."

ಅತ್ತೆ ಮತ್ತೆ ಅಕ್ಕಿಗೆ ಬಗ್ಗಿದಳು. ರೊವೆನಾ ಅಲ್ಲೇ ಕೂತಿದ್ದಳು. ಬೇಕು ಅನ್ನಿಸಲಿ ಬಿಡಲಿ, ತರಲೇಬೇಕು ಅನ್ನುವುದು ಮಾತ್ರ ಖಾತ್ರಿಯಾಯಿತು.

ಮುಂದಿನ ಗುರುವಾರ ಪಾಳಿ ಬದಲಾಯಿಸಿಕೊಂಡು, ಪಟ್ಟಿಯಿಲ್ಲದೆ, ತನ್ನ ಸ್ವಂತ ಬಟ್ಟೆಯಲ್ಲಿ, ಎಲ್ಲರಂತೆ ಮುಂಬಾಗಿಲಿನಿಂದ ಒಳಗೆ ಹೋದಳು. ಕೈಯಲ್ಲೊಂದು ಚೀಲ. ಅದರಲ್ಲಿ ಮಧ್ಯಾಹ್ನಕ್ಕೆಂದು ಅತ್ತೆ ಹಬೆಯಲ್ಲಿ ಬೇಯಿಸಿಕೊಟ್ಟ ಅಕ್ಕಿಯ ಪುತೊ ನಾಲ್ಕು, ಮತ್ತೆ ಮಡಿಸಿದ ಒಂದು ಬನಾತಿನ ತುಂಡು. ಬನಾತಿನ ಮೇಲೆ ಹದಿಮೂರು ಪಿನ್ನುಗಳು. ಇವಳು ಈ ಕೆಲಸಕ್ಕೆ ಸೇರಿದಂದಿನಿಂದ ಮದುವೆಯ ದಿನ ಬಂದಾಗಲೆಲ್ಲ ಆಂಬ್ರೋ ಇವಳದೇ ಅಂಗಡಿಗೆ ಗಿರಾಕಿಯ ಹಾಗೆ ಬಂದು, ಸಾಲಿನಲ್ಲಿ ನಿಂತು, ಒಂದು ಪಿನ್ನು ಕೊಂಡು, ಇವಳ ಕೈಯಲ್ಲೇ ಬಿಲ್ಲು ಮಾಡಿಸಿ ಇವಳಿಗೇ ಕೊಡುತ್ತಿದ್ದ. ಪ್ರತಿ ಸಲವೂ ಇವಳಿಗೆ ನಾಚಿಕೆಯಾಗುತ್ತಿತ್ತು.

ಬರ್ನೀಸ್ ಅವಳನ್ನು ಮೊದಲು ಗುರುತಿಸಲಿಲ್ಲ. ಆಮೇಲೆ ಪಟ್ಟಿಯಿಲ್ಲದೆ ನೀನು ಗಿಡ್ಡ ಕಾಣ್ತೀಯ ಅಂದು ಬೆಂಚಿನಲ್ಲಿ ಜಾಗ ಮಾಡಿದಳು. ರೊವೆನಾ ಬನಾತನ್ನು ಬಿಚ್ಚಿ ಅವಳ ಮಡಿಲ ಮೇಲೆ ಹರಡಿ, ಇಷ್ಟೂ ತಗೊಳ್ಳಿ, ಟೋಪಿಯ ಮೇಲಿರುವ ಕರಿದನ್ನು ಕೊಡಿ ಅಂದಳು.

ಬರ್ನೀಸ್ ಪಿನ್ನುಗಳನ್ನು ನೋಡಲಿಲ್ಲ. ರೊವೆನಾಳ ಮುಖ ನೋಡಿದಳು. ಬೆಂಚಿನ ವ್ಯಾಪಾರದಲ್ಲಿ ಮುಖವೇ ಎಲ್ಲ. ಆಸೆ ತೋರಿಸಿದವನು ಕೆಟ್ಟ. ಈ ಮುಖದಲ್ಲಿ ಆಸೆಯಿಲ್ಲ, ಆತುರವಿಲ್ಲ, ಏನೂ ಇಲ್ಲ. ಇಂಥ ಪಳಗಿದ ಕೈಯನ್ನು ಬರ್ನೀಸ್ ಜನ್ಮದಲ್ಲಿ ಕಂಡಿರಲಿಲ್ಲ.

"ಭಲೇ ಇದ್ದೀಯ ನೀನು. ಹದಿನಾಲ್ಕು ವರ್ಷ ಸುಮ್ನೆ ನಿಂತಿಲ್ಲ ಅಲ್ಲಿ. ಇದೇನು ಅಂತ ನಿಂಗೆ ಗೊತ್ತು. ಒಳಗಿನವಳು ನೀನು. ಎಷ್ಟು ಮಾಡಿಸಿದ್ರು ಇಂಥವನ್ನ? ಐದು? ಹತ್ತು?"

"ಒಂದೇ."

ಬರ್ನೀಸಳ ಕೈ ತಾನಾಗಿ ಟೋಪಿಯ ಹಣೆಗೆ ಹೋಯಿತು. ಹಾಗಾದರೆ ಸತ್ತರೂ ಕೊಡುವುದಿಲ್ಲ ಅಂದಳು. ಹದಿಮೂರಲ್ಲ, ನೂರಾ ಮೂವತ್ತು ತಂದರೂ ಇಲ್ಲ. ಈ ಬನಾತಿನವನ್ನು ಇಲ್ಲಿ ಯಾರೂ ಮೂಸಿ ನೋಡಲ್ಲ ಅಂತಲೂ ಸೇರಿಸಿದಳು. ರೊವೆನಾ ಸರಿ ಅಂದು ಬನಾತನ್ನು ಮಡಿಸತೊಡಗಿದಳು. ಮಡಿಸುತ್ತಾ ಹೇಳಿದಳು, ಬೆಲೆ ಹೇಳುವ ದನಿಯಲ್ಲೇ:

"ಅದು ಪಾರ್ಕಿಂದಲ್ಲ ಮೇಡಂ. ನನ್ನ ಗಂಡ ತೀರಿಕೊಂಡಿದ್ದಕ್ಕೆ ಹಾಕೊಂಡಿದ್ದು. ನಮ್ಮಲ್ಲಿ ಒಂದು ವರ್ಷ ಹಾಕೋತೀವಿ. ನಮ್ಮಣ್ಣ ಮಾಡಿದ್ದು."

ಎದುರಿಗೆ ನೀರುನಾಯಿಯ ವೇಷದವನು ಯಾರ ಜೊತೆಗೋ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಬರ್ನೀಸ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎರಡು ಗುರುವಾರ ಸೂತಕವನ್ನು ಹಣೆಯ ಮೇಲೆ ಹೊತ್ತು ಮೆರೆದಿದ್ದಳು ಪಾಪ, ಕಿವಿಯವರೆಗೆ ಕೆಂಪಾದಳು.

"ಅವತ್ತೇ ಹೇಳೋಕೇನಾಗಿತ್ತು ನಿಂಗೆ?"

"ನೀವು ಕೇಳಿದ್ರಿ."

"ಕೇಳ್ತಾರೆ, ಜನ ಏನ್ ಬೇಕಾದ್ರೂ ಕೇಳ್ತಾರೆ. ಇಲ್ಲ ಅನ್ನಬೇಕು."

ಬರ್ನೀಸ್ ಬಿರಡೆ ಎಳೆದು ಪಿನ್ನನ್ನು ತೆಗೆದಳು. ಕೊಡಲು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದು, ಬಿಟ್ಟಿ ಕೊಡುವುದು ಬೆಂಚಿನ ಪದ್ಧತಿಯಲ್ಲ, ಏನಾದರೂ ತಗೊಳ್ಳಲೇಬೇಕು ಅಂದಳು. ಚೀಲದೊಳಗೆ ಇಣುಕಿ, ಆ ಬಿಳಿಯದೇನು ಅಂತ ಕೇಳಿದಳು. ಪುತೊ, ತಿನ್ನೋದು ಅಂದಳು ರೊವೆನಾ. ಬರ್ನೀಸ್ ಒಂದನ್ನು ತೆಗೆದುಕೊಂಡು, ಕರಿ ಪಿನ್ನನ್ನು ಅವಳ ಅಂಗೈಯಲ್ಲಿಟ್ಟು, ಪುತೊ ಕಚ್ಚಿ ಅಗಿಯುತ್ತಾ ಬೇರೆ ಕಡೆ ನೋಡುತ್ತಿದ್ದಳು. ರೊವೆನಾ ಹೊರಡುವಾಗ, ಇನ್ನು ಮೇಲೆ ಅದನ್ನ ಬೆನ್ನು ತಿರುಗಿಸಿ ಚುಚ್ಚಬೇಡ ತಾಯಿ ಅಂದಳು.

ಪಿನ್ನು ಕೈಗೆ ಬಂದಾಗ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಂಗೈಯಲ್ಲಿ ಅದು ಬರ್ನೀಸಳ ಟೋಪಿಯ ಬಿಸಿಗೆ ಸ್ವಲ್ಪ ಬೆಚ್ಚಗಿತ್ತು.

ಮಾರನೆಯ ಬೆಳಿಗ್ಗೆ ಲಾಕರಿನ ಮುಂದೆ ನಿಂತು ರೊವೆನಾ ಯೋಚಿಸಿದಳು. ಶರ್ಟಿನ ಮೇಲೆ ಹಾಕಿದರೆ ತೆಗೆಸುತ್ತಾರೆ. ಒಳಗೆ ಚುಚ್ಚಿದರೆ ಗುಬುಟು. ಲಾಕರಿನಲ್ಲಿ ಬಿಟ್ಟು ಹೋಗಲು ಕೈ ಬರಲಿಲ್ಲ. ಕೊನೆಗೆ ಪಟ್ಟಿಗೇ ಚುಚ್ಚಿದಳು, ಆದರೆ ಈ ಸಲ ಮೇಲ್ಗಡೆ, ಭುಜದ ಹತ್ತಿರ, ಮುಖ ಹೊರಗೆ. ಕರ್ರಗೆ ಒಂದು ಬಿಲ್ಲೆ, ನೀರುನಾಯಿಗಳ ನಡುವೆ.

ಮಧ್ಯಾಹ್ನದವರೆಗೆ ಯಾರೂ ಕೇಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ಕೆಂಪು ಟೋಪಿಯ ಒಬ್ಬಾತ ಬಂದ. ಬೆಂಚಿನ ಗುಲ್ಲು ಅವನ ಕಿವಿಗೂ ಬಿದ್ದಿರಬೇಕು, ನೇರವಾಗಿ ಇವಳ ಹತ್ತಿರವೇ ಬಂದ. ಅಸಲಿ ಪಿನ್ನೊಂದನ್ನು ಮುಂದೆ ಹಿಡಿದು, ಆ ಕರಿದು ಅಂದ.

"ಖಂಡಿತ," ಅಂದಳು ರೊವೆನಾ. ಅದು ತಾನಾಗಿ ಬಂತು. ಬೆರಳು ತಾನಾಗಿ ಬಿರಡೆಗೆ ಹೋಯಿತು. ಮುಂದಿನ ಮಾತು ಬರಲಿಲ್ಲ. ಬಿರಡೆಯನ್ನು ಹಿಡಿದ ಎರಡು ಬೆರಳು ಹಾಗೇ ನಿಂತವು, ಎಳೆಯಲೂ ಇಲ್ಲ, ಬಿಡಲೂ ಇಲ್ಲ.

"ಇಲ್ಲ," ಅಂದಳು.

ಆತ ನಕ್ಕ. ಕೇಳಿದರೆ ಕೊಡಬೇಕು, ಅದೇ ತಾನೆ ನಿಮ್ಮ ನಿಯಮ ಅಂದ. ಹೌದು, ಅದೇ ನಿಯಮ ಅಂತ ಇವಳೂ ಒಪ್ಪಿಕೊಂಡಳು. ಮತ್ತೆ ಕೊಡಿ ಅಂದ. ಇಲ್ಲ ಅಂದಳು. ಮಾತು ಎತ್ತರಕ್ಕೇರಿತು, ಅವನದು. ಜೊಲೀನ್ ಬಂದು, ಸಂಗತಿ ಕೇಳಿ, ಅದು ಯಾವ ಪಿನ್ನು ಅಂತ ನೋಡದೆಯೇ, ಕೊಟ್ಟುಬಿಡಿ ರೊವೆನಾ ಅಂದು ತಾನೇ ಬಿಚ್ಚಿಕೊಡಲು ಪಟ್ಟಿಗೆ ಕೈ ಹಾಕಿದಳು.

"ತೆಗೀಬೇಡಿ," ಅಂದಳು ರೊವೆನಾ. ಎರಡೂ ಕೈಯಲ್ಲಿ ಅದನ್ನು ಮುಚ್ಚಿಕೊಂಡಿದ್ದಳು. "ತೆಗೀಬೇಡಿ. ಅವರು ಇನ್ನೂ ಉಸಿರಾಡ್ತಿದ್ರು."

ಅಂಗಡಿಯಲ್ಲಿದ್ದವರಿಗೆ ತಲೆಬುಡ ತಿಳಿಯಲಿಲ್ಲ. ಕೆಂಪು ಟೋಪಿಯವ ತನ್ನ ಪಿನ್ನನ್ನು ಜೇಬಿಗಿಟ್ಟುಕೊಂಡು ಹಿಂದೆ ಸರಿದ. ಜೊಲೀನ್‌ಗೂ ಅರ್ಥವಾಗಲಿಲ್ಲ, ಆದರೆ ಮುಚ್ಚಿದ ಕೈಗಳ ಸಂದಿಯಲ್ಲಿ ಅವಳಿಗೆ ಕಪ್ಪು ಕಂಡಿತು. ಕೈ ಹಿಂದಕ್ಕೆ ತೆಗೆದಳು. ರೊವೆನಾಳನ್ನು ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಪೆಟ್ಟಿಗೆಯ ಮೇಲೆ ಕೂರಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ಪಿನ್ನು ಮುಚ್ಚಿದ ಕೈ ಮಾತ್ರ ಸಡಿಲವಾಗಿರಲಿಲ್ಲ, ಅದನ್ನು ರೊವೆನಾ ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಾ ಕೂತಳು.

ಆ ಸಂಜೆ ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು. ಪಿನ್ನಿನ ಕಥೆಯನ್ನು ಅತ್ತೆ ತಲೆಯಾಡಿಸುತ್ತಾ ಕೇಳಿದಳು. ಮೊಗಸಾಲೆಯ ಮಾತನ್ನು ಎರಡು ಸಲ ಹೇಳಬೇಕಾಯಿತು, ಮೊದಲನೆಯ ಸಲ ಅತ್ತೆಗೆ ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ, ಪಕ್ಕದ ಮನೆಗೂ ಕೇಳಿಸುವ ಹಾಗೆ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ತನ್ನ ಎದೆಯ ಪ್ಲಾಸ್ಟಿಕ್ ಪಿನ್ನನ್ನು ಬೆರಳಿನಿಂದ ಸವರುತ್ತಿದ್ದಳು.

"ಯಂತ್ರ ಇಟ್ಕೊಂಡಿದ್ರೂ ಅವನು ಎದ್ದು ಬರ್ತಿರಲಿಲ್ಲ ಕಣಮ್ಮ," ಅಂದಳು. "ಅದು ನನಗೂ ಗೊತ್ತು, ನಿನಗೂ ಗೊತ್ತು. ಕೇಳಿದವರು ಒಂದು ಗಳಿಗೆ ಕಾಯಬೇಕಿತ್ತು, ಅಷ್ಟೇ."

ಪಾರ್ಕಿನವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಪಟ್ಟಿಯನ್ನು ತೆಗೆದರು. ನಿಯಮ ಪಾಲಿಸದವರಿಗೆ ಪಟ್ಟಿಯಿಲ್ಲ. ಈಗ ಅವಳು ಉಗ್ರಾಣದಲ್ಲಿ ಟೋಪಿಗಳನ್ನು ಎಣಿಸಿ ಜೋಡಿಸುತ್ತಾಳೆ. ಅಲ್ಲಿಗೆ ಸಂತೋಷಪಡಲು ಯಾರೂ ಬರುವುದಿಲ್ಲವಾದ್ದರಿಂದ, ಶರ್ಟಿನ ಮೇಲೆ ಕರಿ ಪಿನ್ನು ಹಾಕಿಕೊಂಡರೂ ಜೊಲೀನ್ ನೋಡದ ಹಾಗೆ ಹೋಗುತ್ತಾಳೆ. ಒಂದು ಗುರುವಾರ ಬರ್ನೀಸ್ ಉಗ್ರಾಣದ ಬಾಗಿಲಿಗೇ ಬಂದು, ಆ ಬಿಳಿ ತಿಂಡಿ ಇನ್ನೊಂದಿದೆಯಾ ಅಂತ ವಿಚಾರಿಸಿ ಹೋದಳು.

ಮಾರ್ಚ್ ಒಂಬತ್ತು ಬಂತು. ಮನೆಯಲ್ಲಿ ಹತ್ತು ಹದಿನೈದು ಜನ, ಗೋಡೆಗೆ ಆಂಬ್ರೋನ ಪಟ, ಮೇಜಿನ ಮೇಲೆ ಶಾವಿಗೆ, ಹುಳಿಯಲ್ಲಿ ಬೇಯಿಸಿದ ಹಂದಿಮಾಂಸದ ಅಡೋಬೊ, ಪುತೊ. ಕುರ್ಚಿಯ ಬೆನ್ನಿಗೆ, ಸೂತಕ ಕಳೆದ ಮೇಲೆ ರೊವೆನಾ ತೊಡಬೇಕಾದ ಹೂವಿನ ಅಂಗಿ ತೂಗುಹಾಕಿತ್ತು. ಪ್ರಾರ್ಥನೆ ಮುಗಿಯಿತು. ಮೊದಲು ಅತ್ತೆ ತನ್ನ ಪಿನ್ನನ್ನು ತಾನೇ ಬಿಚ್ಚಿ ತಟ್ಟೆಗೆ ಹಾಕಿದಳು, ಅವಳಿಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ. ಆಮೇಲೆ ಕೋಲೂರಿಕೊಂಡು ಸೊಸೆಯ ಮುಂದೆ ಬಂದು ನಿಂತಳು, ಬಲಗೈ ಎತ್ತಿದಳು. ಬಿಚ್ಚುವವರು ಬಿಚ್ಚಿಬಿಡುತ್ತಾರೆ, ಅದಕ್ಕೆ ಯಾರೂ ಒಪ್ಪಿಗೆ ಕೇಳುವುದಿಲ್ಲ. ಕಾರಿಂಗ್ ಕೇಳಿದಳು.

"ತೆಗೀಲೇನಮ್ಮ?"

ರೊವೆನಾ ಬಾಯಿ ತೆರೆದಳು. ತುಟಿ ಅದುರಿತು, ಅದು ತನ್ನದೇ ತುಟಿ ಅಂತ ತಿಳಿಯಿತು.

"ಇನ್ನೂ ಸ್ವಲ್ಪ ಹೊತ್ತು ಇರಲಿ, ಅಮ್ಮ."

ಅಷ್ಟು ಹೇಳಿದ್ದೇ ಅಳು ಬಂತು. ಒಂದು ವರ್ಷದ್ದು, ಒಟ್ಟಿಗೇ ಬಂತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾವಿಗೆ ಆರುತ್ತಿತ್ತು. ಪ್ರಾರ್ಥನೆ ಹೇಳಿಸಿದಾಕೆಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಅತ್ತೆ ಎತ್ತಿದ ಕೈಯನ್ನು ಇಳಿಸಲಿಲ್ಲ, ಪಿನ್ನನ್ನು ಮುಟ್ಟಲೂ ಇಲ್ಲ. ಎಂಬತ್ತನಾಲ್ಕರ ಕೈ, ನೋಯುತ್ತಿದ್ದಿರಬೇಕು. ಹಾಗೇ ನಿಂತು ಕಾದಳು.